ಕಾಶಿಯಲ್ಲಿ ಬಿಟ್ಟದ್ದು

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟುಬರಬೇಕು, ಸಾಯುವತನಕ ಮತ್ತೆ ಮುಟ್ಟಬಾರದು. ಇದು ನಮ್ಮವರ ಪದ್ಧತಿ. ಎಪ್ಪತ್ತರ ದಶಕದ ಕೊನೆಗೆ ನಮ್ಮಪ್ಪ ಅಮ್ಮ ಹೋಗಿಬಂದರು. ಅಪ್ಪ ಬಿಟ್ಟದ್ದು ಹಾಗಲಕಾಯಿ. ಆ ಮಹಾನುಭಾವರು ಹುಟ್ಟಿದಾಗಿನಿಂದ ಅದನ್ನು ಬಾಯಿಗಿಟ್ಟವರೇ ಅಲ್ಲ! ಪುಗಸಟ್ಟೆ ಪುಣ್ಯ. ಗಂಗಮ್ಮನಿಗೂ ನಗು ಬಂದಿರಬೇಕು.

ಯಲಹಂಕದ ಸಂತೆಯಲ್ಲಿ, ಯಶವಂತಪುರದ ಬಸ್ಸಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಸಾರಿದ್ದೇ ಸಾರಿದ್ದು. ಮದುವೆಮನೆಯ ಪಂಕ್ತಿಯಲ್ಲಿ ಹಾಗಲಕಾಯಿ ಗೊಜ್ಜು ಬಂದರೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು, "ಬೇಡ ಕಣ್ರೀ, ಕಾಶೀಲಿ ಬಿಟ್ಟಿದ್ದೀನಿ," ಎನ್ನುವರು. ಬಡಿಸುವವರು ಕಾಲಿಗೆ ಬೀಳುವುದೊಂದು ಬಾಕಿ. ಪಕ್ಕದಲ್ಲಿ ಕೂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಮ್ಮ ಬಿಟ್ಟದ್ದು ಕಾಫಿ. ಕಾಫಿಯೆಂದರೆ ಅವಳಿಗೆ ಪ್ರಾಣ. ಬಂದ ಮಾರನೆಯ ಬೆಳಿಗ್ಗೆ ತನ್ನ ಲೋಟ ತೊಳೆದು ಅಟ್ಟದ ಮೇಲಿಟ್ಟಳು. ಯಾಕೆಂದು ನಾನು ಕೇಳಿದ್ದಕ್ಕೆ ಹೇಳಿದಳು, ಅಷ್ಟೇ. ದಿನಾ ಅಪ್ಪನಿಗೆ ಹೊಸ ಡಿಕಾಕ್ಷನ್ ಇಳಿಸಿ ಕಾಫಿ ಬೆರೆಸಿಕೊಟ್ಟು, ತಾನು ಬರಿ ಹಾಲು ಕುಡಿಯುತ್ತಿದ್ದಳು.

ಕೆಲವು ವರ್ಷಕ್ಕೆ ಅಪ್ಪನಿಗೆ ಸಕ್ಕರೆ ಕಾಯಿಲೆ ಅಂಟಿತು. ಕಾಲ್ಬೆರಳಿನ ಹುಣ್ಣು ಮಾಯಲೇ ಇಲ್ಲ. ಹೆಬ್ಬಾಳದ ಡಾಕ್ಟರು, "ಮಾತ್ರೆ ಜೊತೆಗೆ ದಿನಾ ಹಾಗಲಕಾಯಿ ರಸ ಕುಡೀರಿ. ಹಿಂಗೇ ಬಿಟ್ರೆ ಬೆರಳು ತೆಗೀಬೇಕಾಗುತ್ತೆ," ಎಂದರು.

"ಬೆರಳು ಹೋದ್ರೂ ಸರಿ, ಕೊಟ್ಟ ಮಾತಿಗೆ ತಪ್ಪಲ್ಲ," ಎಂದು ಅಪ್ಪ ಎದೆ ಸೆಟೆಸಿದರು. ಆಹಾ, ಎಂಥ ನಿಷ್ಠೆ! ಭಯವೆಲ್ಲ ನಮಗೆ, ಗತ್ತೆಲ್ಲ ಅವರಿಗೆ.

ಅಮ್ಮ ಕೊಟ್ಟ ರಸ ವಾರವೆಲ್ಲ ಹಾಗೇ ವಾಪಸು ಬಂತು. ಹುಣ್ಣಿನ ಸುತ್ತ ಕಪ್ಪಾಗತೊಡಗಿತು. ಒಂದು ಬೆಳಿಗ್ಗೆ ಅಮ್ಮ ಅಟ್ಟದ ಮೇಲಿನ ಆ ಲೋಟ ಇಳಿಸಿ, ತನಗೂ ಕಾಫಿ ಬೆರೆಸಿಕೊಂಡು, ರಸವನ್ನೂ ಹಿಡಿದು ಅಪ್ಪನ ಎದುರು ಬಂದು ಕೂತಳು. ಒಂದು ಗುಟುಕು ಕುಡಿದಳು.

"ಕಾಶೀಲಿ ಬಿಟ್ಟಿದ್ದನ್ನ ನಾನು ಕುಡಿದೆ. ಪಾಪ ಬಂದ್ರೆ ಇಬ್ರಿಗೂ ಬರ್ಲಿ. ಈಗ ನೀವು ಕುಡೀರಿ."

ಅಪ್ಪ ಅವಳ ಲೋಟವನ್ನೇ ನೋಡಿದರು.

"ನೀನು ಕಾಫಿ ಬಿಟ್ಟಿದ್ಯಾ?"

ಅಮ್ಮ ರಸದ ಲೋಟವನ್ನು ಅವರತ್ತ ಸರಿಸಿದಳು. ಅಪ್ಪ ಕಣ್ಣುಮುಚ್ಚಿ ಗಟಗಟ ಕುಡಿದರು.

ಬೆರಳು ಉಳಿಯಿತು. ಆಮೇಲೆ ಮದುವೆಮನೆಗಳಲ್ಲಿ ಯಾರಾದರೂ, "ತಾವು ಕಾಶೀಲಿ ಏನ್ ಬಿಟ್ರಿ?" ಎಂದು ಕೇಳಿದರೆ, ಅಪ್ಪ ಎಲೆಯ ಕಡೆ ನೋಡಿಕೊಂಡು, "ನಮ್ಮನೆಯವಳು ಕಾಫಿ ಬಿಟ್ಟಿದ್ಲು," ಎನ್ನುತ್ತಿದ್ದರು.