ಹೆಸರು ಎಂಟು, ತಳ ಐದು

ಬೆಳಗಿನ ಆರು ಗಂಟೆ. ಶಿರಸಿಯ ಯಲ್ಲಾಪುರ ರಸ್ತೆಯ ತಗಡಿನ ಶೆಡ್ಡಿನಲ್ಲಿ ಮೊದಲು ಕಾಣುವುದು ಎರಡು ಪಾದ. ಉಳಿದ ಮನುಷ್ಯ ಹಿಲ್‌ಮನ್ ಕಾರಿನ ಅಡಿಯಲ್ಲಿ ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದಾರೆ. ಪಕ್ಕದಲ್ಲಿ ಮಣೆ ಹಾಕಿ ಕೂತ ಹೆಂಡತಿ ಚಾಂದ್ ಬಿ ಅವರ ತೊಡೆಯ ಮೇಲೆ ನೋಟುಬುಕ್ಕು.

"ಹನ್ನೊಂದೂವರೆ ಇಂಚು," ಅನ್ನುತ್ತದೆ ಕಾರಿನಡಿಯ ದನಿ.

"ಎಲ್ಲಿಂದ ಎಲ್ಲಿಗೆ?"

"ತೂತಿನಿಂದ ತೂತಿಗೆ."

ಚಾಂದ್ ಬಿ ಬರೆದುಕೊಳ್ಳುತ್ತಾರೆ. ಈ ಕಾರಿಗೆ ಯಾವ ರೋಗವೂ ಇಲ್ಲ. ಎಣ್ಣೆ ಬದಲಿಸಲು ಬಂದದ್ದು. ಕೆಟ್ಟಿಲ್ಲದ ಗಾಡಿಯ ಅಡಿಯಲ್ಲಿ ದಿನಾ ಬೆಳಗ್ಗೆ ಒಂದು ತಾಸು ಹೀಗೆ ಮಲಗುವ ಮೇಸ್ತ್ರಿ ಖಾಜಾ ಹುಸೇನ್ ಅವರನ್ನು ಕಂಡು ನಕ್ಕವರೂ ಇದ್ದಾರೆ.

ನಲವತ್ನಾಲ್ಕರ ಖಾಜಾ ಹುಸೇನ್ ಅಕ್ಷರ ಕಲಿತವರಲ್ಲ. ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಹನ್ನೊಂದು ವರ್ಷ ದುಡಿದು, ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಊರಿಗೆ ಮರಳಿ ಈ ಶೆಡ್ಡು ಹಾಕಿದರು. ಅಷ್ಟರಲ್ಲಿ ಪರದೇಶದ ಸಾಮಾನು ಬರುವುದೇ ಅಪರೂಪವಾಗಿತ್ತು. ಅಂಗೈಯಗಲದ ಒಂದು ತುಣುಕು ಸಿಗದೆ ಒಳ್ಳೊಳ್ಳೆಯ ಕಾರುಗಳು ಕೋಳಿಗೂಡಾದವು.

ಆದರೆ ಹುಬ್ಬಳ್ಳಿಯಲ್ಲಿದ್ದಾಗಲೇ ಒಂದು ಸಂಗತಿ ಅವರ ಕಣ್ಣಿಗೆ ಬಿದ್ದಿತ್ತು. "ಮುಂದಿನ ಜಾಳಿಗಿ ಬ್ಯಾರೆ, ದೀಪ ಬ್ಯಾರೆ, ಹೆಸರು ಬ್ಯಾರೆ. ಜಾಕ್ ಹಚ್ಚಿ ಎತ್ತಿದ್ರ ಅಡಿಯಾಗ ಎಲ್ಲಾ ಒಂದ ನಮೂನಿ. ಕಂಪನಿ ಯಜಮಾನ ಒಬ್ಬನ ರೀ. ತಳ ಒಂದ ಮಾಡಿ, ಮ್ಯಾಲೆ ಬ್ಯಾರೆ ಬ್ಯಾರೆ ಅಂಗಿ ತೊಡಸ್ತಾನ."

ಆ ತಿಳಿವಳಿಕೆಗೆ ಪರೀಕ್ಷೆ ಬಂದದ್ದು ಹೋದ ವರ್ಷ, ೧೯೬೧ರ ಮೇ ತಿಂಗಳಲ್ಲಿ. ಯಲ್ಲಾಪುರದ ಡಾಕ್ಟರ್ ಸಂಗಯ್ಯ ಅವರ ಮಾರಿಸ್ ಮೈನರ್ ಉಮ್ಮಚಗಿ ದಾರಿಯಲ್ಲಿ ಬಂಡೆಗೆ ಬಡಿದು, ಮುಂದಿನ ಎಡಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳು ಮುರಿಯಿತು. ಕಾರು ಲಾರಿಯೇರಿ ಶಿರಸಿಗೆ ಬಂತು. ಹೊಸ ತೋಳಿಗಾಗಿ ಹುಬ್ಬಳ್ಳಿಗೆ ಬರೆಸಿದರೆ 'ಮೂರು ತಿಂಗಳು' ಎಂದು ಉತ್ತರ.

"ಹುಸೇನ್ ಸಾಹೇಬ್ರೆ, ಉಮ್ಮಚಗಿ ಕಡೆ ಇಬ್ಬರು ಬಸುರಿಯರು ದಿನ ಎಣಿಸ್ತಾ ಇದ್ದಾರೆ," ಎಂದರು ಡಾಕ್ಟರು. "ಬೆಸುಗೆ ಹಾಕಿ ಕೊಡಿ. ನಿಧಾನ ಓಡಿಸ್ತೇನೆ."

"ಹಾಕಂಗಿಲ್ರಿ. ನೀವು ನಿಧಾನ ಹೋಗ್ತೀನಿ ಅಂತೀರಿ. ಕರಿಯಾಕ ಬಂದವರು ನಿಧಾನ ಹೋಗಾಕ ಬಿಡ್ತಾರೇನು?"

ಸಿದ್ದಾಪುರದ ನಾಟಾ ಕಂತ್ರಾಟುದಾರ ಕಲ್ಲಯ್ಯ ಅವರ ಕೊಟ್ಟಿಗೆಯಲ್ಲಿ ಎಂಜಿನ್ ಹಿಡಿದುಹೋದ ವೂಲ್ಸ್‌ಲಿ ಕಾರೊಂದು ನಿಂತಿತ್ತು. ಮೇಸ್ತ್ರಿಯ ಲೆಕ್ಕದಲ್ಲಿ ಅದರ ತಳವೂ ಮಾರಿಸ್‌ನದೇ. ಖಾಜಾ ಹುಸೇನ್ ಇಪ್ಪತ್ತೆರಡು ಮೈಲು ಸೈಕಲ್ ತುಳಿದರು. "ಮಾರಿಸ್ ಗಾಡಿಗೆ ಇದರ ಸಾಮಾನಾ? ಎಮ್ಮಿಗೆ ಎತ್ತಿನ ಕೋಡು ಹಚ್ಚತೀಯೇನು?" ಎಂದು ಕಲ್ಲಯ್ಯ ಮುಟ್ಟಗೊಡಲಿಲ್ಲ.

ಮುರಿದ ತೋಳನ್ನು ಜೋಡಿಸಿಟ್ಟು ಅದರ ಅಳತೆಗೆ ತಗಡು ಕತ್ತರಿಸಿ, ತೂತು ಕೊರೆದು, ಎರಡು ದಿನ ಬಿಟ್ಟು ಮತ್ತೆ ಹೋದರು. ಕಲ್ಲಯ್ಯ ಕಾಡಿಗೆ ಹೋಗಿದ್ದರು. ಅವರ ಹೆಂಡತಿ ಗುರುಶಾಂತವ್ವ ಮಜ್ಜಿಗೆ ಕೊಟ್ಟು, "ನೋಡಾಕ ಏನು, ನೋಡ್ರಿ" ಎಂದರು. ತಗಡು ಸರಿಯಾಗಿ ಕೂತಿತು. ಮೂರನೆಯ ಸಲ ಕಲ್ಲಯ್ಯನವರನ್ನೇ ಕಾರಿನ ಪಕ್ಕ ಕೂರಿಸಿ, ತಗಡನ್ನು ಅವರ ಕೈಗೇ ಕೊಟ್ಟರು. ಕಲ್ಲಯ್ಯ ತೂತಿಗೆ ತೂತು ಕೂಡಿಸಿ ನೋಡಿದರು. ತಿರುವಿ ಹಾಕಿ ಮತ್ತೊಮ್ಮೆ ನೋಡಿದರು.

"ಬಿಚ್ಚಕೋ," ಎಂದರು ಕಡೆಗೆ. "ಆದ್ರ ನನ್ನ ಗಾಡಿ ಮೂರು ಕಾಲಿನ ಮ್ಯಾಲೆ ನಿಲ್ಲಬಾರದು."

ಆ ಮುರಿದ ತೋಳಿಗೆ ಬೆಸುಗೆ ಹಾಕಿ ಖಾಜಾ ಹುಸೇನ್ ವೂಲ್ಸ್‌ಲಿಗೆ ಕೂಡಿಸಿದರು. ನಿಂತ ಗಾಡಿಗೆ ಬೆಸುಗೆ ಸಾಕು, ಓಡಿಸುವುದಾದರೆ ಬೇರೆ ಹಾಕಲೇಬೇಕು ಎಂದೂ ಹೇಳಿ ಬಂದರು. ಒಂಬತ್ತನೆಯ ದಿನ ಡಾಕ್ಟರ ಕಾರು ಯಲ್ಲಾಪುರದ ದಾರಿ ಹಿಡಿಯಿತು.

ಬಸುರಿಯರಲ್ಲಿ ಒಬ್ಬಳಾದ ಸುಬ್ಬಿಗೆ ಆ ವಾರವೇ ಡಾಕ್ಟರ ಕೈಯಲ್ಲಿ ಹೆಣ್ಣು ಮಗು ಹುಟ್ಟಿತು. ಇನ್ನೊಬ್ಬಳು ನೀಲಾ. ಅವಳ ಹೆರಿಗೆ ಕಾರು ಸಿದ್ಧವಾಗುವ ಎರಡು ದಿನ ಮೊದಲೇ ಆಗಿಹೋಗಿತ್ತು. ಡಾಕ್ಟರು ಎತ್ತಿನ ಗಾಡಿಯಲ್ಲಿ ಮುಟ್ಟುವ ಹೊತ್ತಿಗೆ ತಾಯಿ ಉಳಿದಿದ್ದಳು, ಕೂಸು ಉಳಿದಿರಲಿಲ್ಲ.

ಈ ಮಾತು ಬಂದಾಗ ಖಾಜಾ ಹುಸೇನ್ ಕೈಯಲ್ಲಿನ ನಟ್ಟು ಬಿಚ್ಚುವ ಪಾನಾ ಕೆಳಗಿಡುತ್ತಾರೆ. "ಬೆಸುಗಿ ಹಾಕಿ ಕೊಟ್ಟಿದ್ರ ಹೋಗಿ ಮುಟ್ತಿದ್ರೇನೋ. ದಾರಿಯಾಗ ಚಕ್ರ ಕಿತ್ತು ಡಾಕ್ಟರೂ ಹೋಗಿಬಿಡ್ತಿದ್ರೇನೋ. ಗೊತ್ತಿಲ್ರಿ. ಈಗ ಕೇಳಿದ್ರೂ ಹಾಕಂಗಿಲ್ಲ ಅಂತನ ಅಂತೀನಿ. ಆದ್ರ ಒಂಬತ್ತು ದಿನ ಆತಲ್ಲ, ಅದು ನನ್ನ ತಪ್ಪು. ಮುರಿದ ಮ್ಯಾಲೆ ಅಳತಿ ಹಿಡಿದೆ. ಮೊದಲ ಹಿಡೀಬೇಕಿತ್ತು."

ಅಂದಿನಿಂದ ಗಂಡ ಹೇಳುವುದು, ಹೆಂಡತಿ ಬರೆಯುವುದು. ನಾಲ್ಕನೆಯ ಇಯತ್ತೆವರೆಗೆ ಓದಿದ ಚಾಂದ್ ಬಿ ಉರ್ದುವಿನಲ್ಲಿ ಬರೆದಿಡುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಇವರು ಪತ್ತೆ ಮಾಡಿದ ಸಣ್ಣ ಕಾರು, ಓಡುವವು ನಿಂತವು ಸೇರಿ, ಇಪ್ಪತ್ತೇಳು. ಅಳತೆ ಮುಗಿದದ್ದು ಹತ್ತೊಂಬತ್ತು. "ಹೆಸರು ಎಂಟು ಅದಾವ್ರಿ, ತಳ ಐದ," ಎನ್ನುತ್ತಾರೆ ಚಾಂದ್ ಬಿ. "ಮೊದಮೊದಲು ನನಗೂ ಹುಚ್ಚು ಅನಸ್ತಿತ್ತು. ಈಗ ಇವರು ಮರೆತ್ರ ನಾನ ಎಬ್ಬಸ್ತೀನಿ."

ಕಳೆದ ತಿಂಗಳು ದಾಸನಕೊಪ್ಪದ ಅಂಗಡಿಕಾರ ಅಂದಾನಪ್ಪ ಅವರ ಸಿಂಗರ್ ಕಾರಿನ ಮುಂದಿನ ಸ್ಪ್ರಿಂಗ್ ಶಿರಸಿಗೆ ಬರುವ ದಾರಿಯಲ್ಲಿ ತುಂಡಾಯಿತು. ಆ ಊರಲ್ಲಿ ಯಾರಿಗೆ ಜಡ್ಡಾದರೂ ಶಿರಸಿಗೆ ಕರೆತರುವ ಕಾರು ಅದು. ಚಾಂದ್ ಬಿ ಪುಟ ತಿರುವಿ ಹೇಳಿದರು: ಅದೇ ತಳದ, ಅದೇ ಅಳತೆಯ ಹಿಲ್‌ಮನ್ ಒಂದು ವಾನಳ್ಳಿಯಲ್ಲಿ ನಿಂತಿದೆ. ಬೆಳಗ್ಗೆ ಸುದ್ದಿ ಬಂದದ್ದು, ಅಲ್ಲಿಂದ ಬಿಚ್ಚಿ ತಂದ ಸ್ಪ್ರಿಂಗ್ ಹಾಕಿಸಿಕೊಂಡು ಹೊತ್ತು ಮುಳುಗುವ ಮೊದಲು ಕಾರು ದಾಸನಕೊಪ್ಪಕ್ಕೆ ಹೊರಟಿತು.

ಅದನ್ನು ನೆನಪಿಸಿದರೆ ಖಾಜಾ ಹುಸೇನ್ ಕೈಯ ಗ್ರೀಸನ್ನು ಚಿಂದಿಗೆ ಒರೆಸಿಕೊಳ್ಳುತ್ತಾ ಹೇಳುತ್ತಾರೆ: "ಒಂಬತ್ತು ದಿನದ ಕೆಲಸ ಒಂದ ದಿನಕ್ಕ ಬಂದೈತಿ. ಅರ್ಧ ದಿನಕ್ಕ ತರಬೇಕ್ರಿ."