ಓಪಾನಿಗೆ ಅಡ್ಡ ನಿಂತ ಹಸು

ಆಲ್ವೀನಾ ಫಾನೆನ್‌ಸ್ಟೀಲ್ ಹುಟ್ಟಿದ್ದು, ಮದುವೆಯಾದದ್ದು, ಮುದುಕಿಯಾದದ್ದು ಎಲ್ಲವೂ ಪಶ್ಚಿಮ ಕಾನ್ಸಾಸಿನ ಒಂದೇ ಹುಲ್ಲುಗಾವಲಿನಲ್ಲಿ. ಸಮುದ್ರ ಕಂಡವಳಲ್ಲ, ಬೆಟ್ಟ ಹತ್ತಿದವಳಲ್ಲ. ಹಾಗೆಂದು ಯಾರಾದರೂ ಅಯ್ಯೋ ಪಾಪ ಎಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ನಾನ್ಯಾಕೆ ಹೋಗ್ಲಿ? ಸಮುದ್ರದ ದಡದೋರೇ ಓಪಾನ್ನ ನೋಡೋಕೆ ನನ್ನ ಅಂಗಳಕ್ಕೆ ಬರ್ತಾರೆ" ಎನ್ನುತ್ತಿದ್ದಳು.

ಓಪಾ ಎಂದರೆ ಅವರ ಮನೆಮಾತಿನಲ್ಲಿ ಅಜ್ಜ. ಅವಳ ಹುಲ್ಲುಗಾವಲಿನ ನಡುವೆ ತಾನಾಗಿಯೇ ರೂಪುಗೊಂಡು ನಿಂತಿದ್ದ ಸುಣ್ಣಕಲ್ಲಿನ ಕಂಬಕ್ಕೆ ಆ ಹೆಸರು. ದಕ್ಷಿಣದಿಂದ ನೋಡಿದರೆ ಹ್ಯಾಟು ಹಾಕಿದ ಮುದುಕ. ಉತ್ತರದಿಂದ ನೋಡಿದರೆ ಬರೀ ಕಲ್ಲು. ಕಣ್ಣು ಹಾಯುವಷ್ಟು ದೂರ ಬೇರೇನೂ ಎದ್ದು ನಿಲ್ಲದ ಆ ಸೀಮೆಗೆ ಅಷ್ಟೇ ಸಾಕಾಗಿತ್ತು. ಹೆದ್ದಾರಿಯಲ್ಲಿ ಸರ್ಕಾರ ಅವನ ಹೆಸರಿನ ಕಂದು ಬೋರ್ಡು ನೆಟ್ಟಿತ್ತು, ಅದನ್ನು ನೋಡಿ ಜನ ಕಾರು ತಿರುಗಿಸುತ್ತಿದ್ದರು. ಟಿಕೆಟ್ಟಿಲ್ಲ, ಕಾವಲಿಲ್ಲ. ಆಲ್ವೀನಾಳ ಷರತ್ತು ಒಂದೇ: ಗೇಟು ಹಾಕಿಕೊಂಡು ಹೋಗಿ, ದನ ಆಚೆ ಹೋಗುತ್ತವೆ.

ಆ ಷರತ್ತು ಮುರಿದು ಶಿಕ್ಷೆ ಅನುಭವಿಸಿದವನು ಲೀರಾಯ್ ಒಬ್ಬನೇ. ಹರೆಯದಲ್ಲಿ ಓಪಾನನ್ನು ನೋಡಲು ಬಂದವನು ಗೇಟು ಮರೆತ. ಚದುರಿದ ದನಗಳನ್ನು ಅವನೂ ಆಲ್ವೀನಾಳೂ ಸೇರಿ ಸಂಜೆಯವರೆಗೆ ಹುಡುಕಿದರು. ದನ ಸಿಕ್ಕುವ ಹೊತ್ತಿಗೆ ಮದುವೆಯೂ ಗೊತ್ತಾಗಿತ್ತು. ಅಂದಿನಿಂದ ಅವನು ಮಾತಿಗೂ ತೆರಿಗೆ ಇದೆಯೇನೋ ಎನ್ನುವಂತೆ ಬದುಕಿದ್ದಾನೆ.

ಅಂಥ ಓಪಾ ಒಂದು ಮಾರ್ಚ್ ಮಧ್ಯಾಹ್ನ ಬಿದ್ದುಹೋದ. ಎಷ್ಟೋ ಸುಂಟರಗಾಳಿಗಳಿಗೆ ಜಗ್ಗದವನು, ಡೊಲೊರೆಸ್ ಎಂಬ ಹಸು ಬೆನ್ನು ತುರಿಸಿಕೊಂಡದ್ದಕ್ಕೆ ಬಿದ್ದ. ಧೂಳಿನಿಂದ ಬೆಳ್ಳಗಾಗಿ ಹೊರಬಂದ ಹಸು ಒಮ್ಮೆ ಸೀನಿ, ಇನ್ನೊಂದು ಮಗ್ಗುಲು ತುರಿಸಿಕೊಳ್ಳಲು ಕಲ್ಲೆಲ್ಲಿ ಎಂದು ಹುಡುಕಿತು.

ಆ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ನೆರೆಯವರು ಊಟ ಹೊತ್ತು ತರಬೇಕು. ಕಲ್ಲಿಗೆ ಇದು ಸಲ್ಲುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ತರದೆ ಕೆಟ್ಟವರಾಗುವುದೇಕೆಂದು ಎಲ್ಲರೂ ತಂದರು. ಹಂದಿಮಾಂಸ, ಆಲೂಗಡ್ಡೆ ಸಲಾಡು, ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ. ಪಕ್ಕದ ಹೊಲದ ವರ್ನಾ ಆಲ್ವೀನಾಳ ಕೈ ಹಿಡಿದು, "ಒಳ್ಳೇ ಸಾವು ಕಣೇ, ನರಳಲಿಲ್ಲ" ಎಂದಳು.

"ಹೂಂ."

"ಹಸುಗೇನೂ ಆಗ್ಲಿಲ್ವಾ?"

"ಅದಕ್ಕೇನು ದಾಡಿ! ನನ್ನ ಬೆನ್ನು ತುರಿಸು ಅಂತ ನನ್ನ ಹಿಂದೇನೇ ಸುತ್ತುತ್ತೆ."

ಜೆಲ್ಲಿ ಮುಗಿಯುವ ಮೊದಲೇ ಫೋನು ಬಂತು. ಬೋರ್ಡುಗಳ ಪರಿಶೀಲನೆಗೆ ಸರ್ಕಾರದವನೊಬ್ಬ ಬರುತ್ತಾನೆ. ನೋಡುವುದಕ್ಕೆ ಏನೂ ಇಲ್ಲದ ಕಡೆ ಬೋರ್ಡು ಇರಕೂಡದು ಎಂಬುದು ನಿಯಮ. ಬೋರ್ಡು ಹೋದರೆ ಒಂದು ಕಾರೂ ಇತ್ತ ತಿರುಗುವುದಿಲ್ಲ, ಜಗತ್ತು ತನ್ನ ಪಾಡಿಗೆ ತಾನು ಹೆದ್ದಾರಿಯಲ್ಲಿ ಹೊರಟುಹೋಗುತ್ತದೆ. ಆಲ್ವೀನಾಳಿಗೆ ಮೊದಲ ಬಾರಿಗೆ ತಾನು ಸಮುದ್ರ ನೋಡದವಳು ಎನ್ನಿಸಿತು.

"ಏನೂ ಹೇಳ್ಬೇಡ ಬಿಡು" ಎಂದ ಲೀರಾಯ್.

"ಸುಳ್ಳು ಹೇಳು ಅಂತೀಯಾ?"

"ಹೇಳ್ಬೇಡ ಅಂದೆ. ಹೇಳು ಅನ್ಲಿಲ್ಲ."

"ಹೇಳೇ ಹೇಳ್ತೀನಿ. ಮೊದ್ಲು ಪೈ ತಿನ್ನಿಸ್ತೀನಿ. ಹಸಿದ ಹೊಟ್ಟೇಲಿರೋರಿಗೆ ಸಾವಿನ ಸುದ್ದಿ ಹೇಳ್ಬಾರ್ದು."

ಲೀರಾಯ್ ಎದ್ದು ಕೊಟ್ಟಿಗೆಯ ಕಡೆ ನಡೆದ.

ಮರುದಿನ ಬಂದವನು ವೆಂಡೆಲ್ ಸ್ಟೆಕ್‌ಲೈನ್ ಎಂಬ ಸಣಕಲು ಮನುಷ್ಯ. ಆಲ್ವೀನಾ ಬಾಗಿಲಲ್ಲೇ ವಿಚಾರಿಸಿದಳು: "ಯಾವ ಸ್ಟೆಕ್‌ಲೈನಪ್ಪಾ ನೀನು?"

"ಹಳ್ಳದ ಆಚೆಯೋರಮ್ಮಾ."

"ಓ! ಮದುವೆ ಫೋಟೋದಲ್ಲಿ ಹಂದಿ ನಿಲ್ಲಿಸ್ಕೊಂಡಿದ್ಳಲ್ಲ, ಆ ಕ್ಲೆಮೆಂಟೀನಾ ಮೊಮ್ಮಗನಾ?"

"ಅದೇ ಅಜ್ಜಿ. ಬಹುಮಾನ ಬಂದಿದ್ದ ಹಂದಿ ಅದು" ಎಂದ ಅವನು ತುಸು ಬಿಗಿದುಕೊಂಡು.

ಎಲೆಕೋಸು, ಮಾಂಸ ತುಂಬಿದ ಬಿಸಿ ಬನ್ನು ಬಂತು, ಆಮೇಲೆ ಚೆರ್ರಿ ಹಣ್ಣು ತುಂಬಿ ಬೇಯಿಸಿದ ಸಿಹಿ ಪೈ ಬಂತು. ವೆಂಡೆಲ್ ಬೇಡ ಬೇಡವೆಂದು ಎಲ್ಲವನ್ನೂ ತಿಂದ. "ಸರಿ ಹಾಗಾದ್ರೆ" ಎಂದು ತೊಡೆ ತಟ್ಟಿದ. ಅಲ್ಲಿಯವರು ಹೊರಡುವ ಮುನ್ನ ಹೀಗೆ ತೊಡೆ ತಟ್ಟುತ್ತಾರೆ. ತಟ್ಟಿದ ತಕ್ಷಣ ಎದ್ದರೆ ಮನೆಯವರಿಗೆ ಅವಮಾನ. ಅವನು ಮತ್ತೆ ಮತ್ತೆ ತಟ್ಟಿದ, ಮತ್ತೆ ಮತ್ತೆ ಪೈ ಬಂತು. ಕೊನೆಗೆ ಅವನ ಪ್ಯಾಂಟಿನ ಮೇಲೆ ಕರುಣೆ ಬಂದು ಆಲ್ವೀನಾಳೇ ಎದ್ದು ಜಗಲಿಗೆ ಕರೆದೊಯ್ದಳು.

ಹೊರಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಬಿದ್ದ ಕಲ್ಲಿನ ಗುಡ್ಡೆಯ ತುದಿಯಲ್ಲಿ ಡೊಲೊರೆಸ್ ನಿಂತಿತ್ತು. ಯಾರೋ ಮೇಲೆ ಹೊತ್ತಿಟ್ಟ ಉಪ್ಪಿನ ಗಟ್ಟಿಯನ್ನು ಕಣ್ಣು ಮುಚ್ಚಿ ನೆಕ್ಕುತ್ತಿತ್ತು. ಆಲ್ವೀನಾ ಗಂಡನನ್ನು ದುರುಗುಟ್ಟಿ ನೋಡಿದಳು. ಲೀರಾಯ್ ಮೋಡವಿಲ್ಲದ ಆಕಾಶ ನೋಡುತ್ತ, "ಮಳೆ ಬರಬಹುದು" ಎಂದ.

ವೆಂಡೆಲ್ ಹಸುವನ್ನು ಬಹಳ ಹೊತ್ತು ನೋಡಿದ. ಆಲ್ವೀನಾಳಿಗೆ ತಡೆಯಲಾಗಲಿಲ್ಲ.

"ಓಪಾ ಬಿದ್ದೋದ ಮಗಾ. ಆ ಹಸುವೇ ಬೀಳಿಸಿದ್ದು. ಇಲ್ಲಿ ನೋಡೋಕೆ ಇನ್ನೇನೂ ಇಲ್ಲ."

ವೆಂಡೆಲ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಆ ಸೀಮೆಯಲ್ಲಿ ಹುಟ್ಟಿದವನು ಪೈ ತಿಂದ ಮನೆಯಲ್ಲಿ ಕೆಟ್ಟ ಮಾತಾಡಲಾರ.

"ಬೇರೆಯೋರು ಹೇಳಿದ್ದನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲಮ್ಮಾ. ನಾನೇ ಕಣ್ಣಾರೆ ನೋಡ್ಬೇಕು. ನೋಡೋಣ ಅಂದ್ರೆ ಹಸು ಅಡ್ಡ ನಿಂತಿದೆ."

"ಓಡಿಸ್ತೀನಿ ಇರು."

"ಬೇಡಮ್ಮಾ, ಪಾಪ, ಉಪ್ಪು ನೆಕ್ತಿದೆ. ಬರೋ ವರ್ಷ ಬಂದು ನೋಡ್ತೀನಿ. ನೋಡೋವರೆಗೂ ಬೋರ್ಡು ಮುಟ್ಟೋ ಹಾಗಿಲ್ಲ."

"ಬರೋ ವರ್ಷಾನೂ ಅದು ಅಲ್ಲೇ ನಿಂತಿದ್ರೆ?"

"ಅದರ ಮುಂದಿನ ವರ್ಷ ಬರ್ತೀನಿ."

ಆಲ್ವೀನಾ ಒಳಗೆ ಹೋಗಿ ಬಂದಳು. ಉಳಿದ ಪೈಯನ್ನು ತಟ್ಟೆಯ ಸಮೇತ ಅವನ ಕೈಗೆ ತುರುಕಿದಳು. ಅವನು ಟ್ರಕ್ಕು ಹತ್ತಿ, ಅಲ್ಲಿಯವರ ರೂಢಿಯಂತೆ ಸ್ಟೇರಿಂಗಿನ ಮೇಲಿಂದ ಒಂದು ಬೆರಳೆತ್ತಿ ಹೊರಟ. ಅವನು ಗೇಟು ದಾಟುವುದು ಕಂಡಾಗ ಅವಳು ಜಗಲಿಯ ತುದಿಗೆ ಓಡಿಬಂದು ಗಂಟಲು ಹರಿಯುವಂತೆ ಕೂಗಿದಳು:

"ಗೇಟು ಹಾಕ್ಕೊಂಡು ಹೋಗಪ್ಪಾ! ಓಪಾ ಆಚೆ ಹೋಗಿಬಿಡ್ತಾನೆ!"