ಎರಡೇ ಸೀಟಿನ ಕಾರು

ನಮ್ಮ ಒಬ್ಬಳೇ ಮಗಳು ಡೆಂಗ್ಯೂ ಜ್ವರದಲ್ಲಿ ತೀರಿಕೊಂಡ ಮರುವರ್ಷ ನನ್ನ ಗಂಡ ಬ್ರಿಟಿಷರ ಕಾಲದ ಮಾದರಿಯ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡರು. ತೀರಿಕೊಂಡಾಗ ಅವಳಿಗೆ ಡಿಗ್ರಿ ಎರಡನೇ ವರ್ಷ. ಆಸ್ಪತ್ರೆಗೆ ಆಟೋದಲ್ಲಿ ಕೂತು ತಾನಾಗಿಯೇ ಹೋದವಳು ಮನೆಗೆ ಬರಲಿಲ್ಲ.

ಆಮೇಲೆ ಜಾಲಹಳ್ಳಿಯ ನಮ್ಮ ಮನೆಯಲ್ಲಿ ಮಾತು ನಿಂತುಹೋಯಿತು. ಜಗಳವೇನಿಲ್ಲ. ನಾನು ಬ್ಯಾಂಕಿಗೆ ಹೋಗುತ್ತಿದ್ದೆ, ಅವರು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ಬರುತ್ತಿದ್ದರು. ‘ಊಟ?’ ಎಂದರೆ ‘ಹ್ಞೂಂ’ ಎನ್ನುವರು. ಅಷ್ಟೇ. ಅವಳ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತಿದರೆ ಎದುರಿಗಿದ್ದವರು ಕುಸಿದುಬೀಳುತ್ತಾರೆಂದು ಇಬ್ಬರಿಗೂ ಹೆದರಿಕೆ.

ಕಾರು ಕೆಂಪಾಪುರದ ಒಬ್ಬ ಗೌಡರ ಶೆಡ್ಡಿನಲ್ಲಿ ಬಿದ್ದಿತ್ತು. ಹೊಲವಿದ್ದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದ ಅವರು ಶೆಡ್ಡನ್ನೂ ಕೆಡವಲಿದ್ದರು. ‘ನಮ್ಮಪ್ಪ ಯಾರೋ ಬಿಳೀ ದೊರೆ ತಾವ ತಗೊಂಡಿದ್ದು. ಇಂಗೇ ಬಿದ್ದೈತೆ. ಗುಜರಿಗೆ ಹಾಕಕ್ಕೆ ಮನಸ್ಸು ಬರಕಿಲ್ಲ ಸಾ, ನೀವಾದ್ರೂ ಓಡಿಸಿ’ ಎಂದರಂತೆ. ಟೆಂಪೋ ಮೇಲೆ ಹೇರಿಕೊಂಡು ತಂದ ಅದನ್ನು ಗೇಟಿನಲ್ಲಿ ನಿಂತು ನೋಡಿದೆ. ಬಾಟಲಿ ಹಸಿರು ಬಣ್ಣ ಅಲ್ಲಲ್ಲಿ ಉಳಿದಿತ್ತು. ತಳದ ತಗಡು ತುಕ್ಕು ಹಿಡಿದು ನೆಲ ಕಾಣುತ್ತಿತ್ತು. ಸೀಟಿನೊಳಗೆ ಇಲಿ ಗೂಡು ಕಟ್ಟಿತ್ತು. ಹಿಂದೆ ಸೀಟೇ ಇರಲಿಲ್ಲ.

‘ಎರಡೇ ಸೀಟಾ?’ ಎಂದೆ.

‘ಈ ಥರ ಗಾಡಿಗೆ ಅಷ್ಟೇ ಇರೋದು’ ಎಂದರು.

ನಾನು ಒಳಗೆ ಹೋಗಿ ಅಡಿಗೆಮನೆ ಬಾಗಿಲು ಹಾಕಿಕೊಂಡೆ. ನಾವು ಮೂವರಲ್ಲ, ಇಬ್ಬರು ಎಂದು ಸಾರಲು ಯಾರೋ ಅದನ್ನು ಮನೆ ಮುಂದೆ ತಂದು ನಿಲ್ಲಿಸಿದ ಹಾಗಿತ್ತು.

ಅಂದಿನಿಂದ ಅವರ ಸಂಜೆಗಳೆಲ್ಲ ಕಾರಿನ ಪಾಲಾದವು. ನಮ್ಮ ಸ್ಪ್ಯಾನರುಗಳು ಅದರ ಬೋಲ್ಟಿಗೆ ಕೂರುತ್ತಿರಲಿಲ್ಲ; ನಮ್ಮವು ಮಿಲಿಮೀಟರಿನವು, ಅದರದೆಲ್ಲ ಇಂಚಿನ ಲೆಕ್ಕ. ಗುಜರಿ ಅಂಗಡಿಗಳಲ್ಲಿ ಹುಡುಕಿ ಹಳೆಯ ಸ್ಪ್ಯಾನರ್ ತಂದರು. ಯಶವಂತಪುರದಲ್ಲಿ ತಗಡು ಬೆಸುಗೆ ಹಾಕಿಸಿದರು. ರಬ್ಬರ್ ಸೀಲುಗಳು ಇಂಗ್ಲೆಂಡಿನಿಂದ ಪಾರ್ಸೆಲಿನಲ್ಲಿ ಬಂದವು. ಇವರು ಒಬ್ಬರೇ ಎಲ್ಲಿಗೋ ಹೋಗುವ ತಯಾರಿ ನಡೆಸಿದ್ದಾರೆ ಎಂದು ನನಗನ್ನಿಸುತ್ತಿತ್ತು.

ಒಂದು ಭಾನುವಾರ ಸಂಜೆ ಅಡಿಗೆಮನೆಯ ಕಿಟಕಿಗೆ ಬಂದು, ‘ಸ್ವಲ್ಪ ಬರ್ತೀಯಾ? ಒಬ್ಬನ ಕೈಲಿ ಆಗಲ್ಲ ಇದು’ ಎಂದರು.

ಬ್ರೇಕಿನ ಪೈಪುಗಳಲ್ಲಿ ಗಾಳಿ ಸೇರಿತ್ತು. ಗಾಳಿ ಹೋಗಬೇಕಾದರೆ ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಮಲಗಿ ಒಂದು ಪುಟ್ಟ ಸ್ಕ್ರೂ ಸಡಿಲಿಸಿ, ಎಣ್ಣೆಯ ಜೊತೆ ಗಾಳಿಗುಳ್ಳೆ ಹೊರಬಂದ ಮೇಲೆ ಬಿಗಿ ಮಾಡಬೇಕು. ‘ಬಿಡು ಅನ್ನೋವರೆಗೂ ಕಾಲು ತೆಗೀಬೇಡ. ತೆಗೆದ್ರೆ ಗಾಳಿ ವಾಪಸ್ ಹೋಗತ್ತೆ’ ಎಂದು ಹೇಳಿ ಕಾರಿನಡಿ ಸರಿದರು.

ನಾನು ಮೊದಲ ಸಲ ಅದರಲ್ಲಿ ಕೂತೆ.

‘ಒತ್ತು.’

‘ಒತ್ತಿದೀನಿ.’

‘ಹಿಡ್ಕೊ... ಬಿಡು.’

ಎಷ್ಟೋ ತಿಂಗಳ ಮೇಲೆ ನಾವು ಅಷ್ಟು ಹೊತ್ತು ಮಾತಾಡಿದ್ದು. ಮೂರು ಚಕ್ರ ಮುಗಿಯಿತು. ಕೊನೆಯದರಲ್ಲಿ ‘ಹಿಡ್ಕೊ’ ಎಂದವರು ಮತ್ತೆ ಮಾತಾಡಲಿಲ್ಲ. ಸ್ಕ್ರೂ ಸಿಕ್ಕಿಕೊಂಡಿರಬೇಕು ಎಂದುಕೊಂಡೆ. ಆಮೇಲೆ ಕೆಳಗಿನಿಂದ ಒಂದು ಸದ್ದು ಬಂತು. ಅದು ಅಳು. ಅವಳನ್ನು ಮಣ್ಣು ಮಾಡಿದ ದಿನವೂ ಅವರು ಅತ್ತಿರಲಿಲ್ಲ.

ಇಳಿದು ಹೋಗಬೇಕೆನಿಸಿತು. ಆದರೆ ಬಿಡು ಎಂದಿರಲಿಲ್ಲವಲ್ಲ. ಕಾಲು ಮರಗಟ್ಟಿತು, ಮೀನಖಂಡ ನಡುಗಿತು. ಸ್ಟೀರಿಂಗಿಗೆ ಹಣೆಯಿಟ್ಟು ನಾನೂ ಅಳುತ್ತ ಪೆಡಲ್ ಒತ್ತಿಕೊಂಡೇ ಕೂತೆ. ತುಂಬ ಹೊತ್ತಿನ ಮೇಲೆ ‘ಬಿಡಮ್ಮಾ’ ಎಂದರು. ಮಗಳನ್ನು ಕರೆಯುತ್ತಿದ್ದ ದನಿ ಅದು. ನನ್ನನ್ನು ಹಾಗೆ ಎಂದೂ ಕರೆದವರಲ್ಲ.

ಬೇಸಿಗೆಗೆ ಕಾರು ಓಡಿತು. ಮೇಲೆ ಮುಚ್ಚುವ ಟಾಪು ಇರಲಿಲ್ಲ, ಆದ್ದರಿಂದ ಮೋಡವಿಲ್ಲದ ದಿನ ನೋಡಿ ಹೊರಡುತ್ತಿದ್ದೆವು. ಯಲಹಂಕದವರೆಗೆ ಹೋಗಿ ಬರುವುದು. ಹೆಬ್ಬಾಳದ ಫ್ಲೈಓವರ್ ಕೆಳಗೆ ಒಮ್ಮೆ ಎಂಜಿನ್ ಕಾದು ನಿಂತು, ಅದು ತಣ್ಣಗಾಗುವವರೆಗೆ ಹೊಗೆ ಕುಡಿಯುತ್ತ ಕೂತಿದ್ದೆವು. ಬೈಕಿನ ಹುಡುಗರು ‘ಸಖತ್ತಾಗಿದೆ ಅಂಕಲ್’ ಎಂದು ಫೋಟೊ ತೆಗೆದುಕೊಂಡು ಹೋಗುತ್ತಿದ್ದರು.

ಒಂದು ಸಂಜೆ ಅವರು ಕೇಳದೆಯೇ ಆರ್.ಟಿ. ನಗರದ ಕಡೆ ತಿರುಗಿಸಿದರು. ಮಗಳ ವೀಣೆ ಪಾಠ ಅಲ್ಲೇ ನಡೆಯುತ್ತಿತ್ತು, ಇವರೇ ಸ್ಕೂಟರಿನಲ್ಲಿ ಕರೆದೊಯ್ಯುತ್ತಿದ್ದರು. ಒಂದು ಕಬಾಬ್ ಅಂಗಡಿಯ ಮುಂದೆ ನಿಲ್ಲಿಸಿದರು. ನಾವು ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವರು.

‘ಪಾಠ ಮುಗಿದ್ಮೇಲೆ ಇಲ್ಲಿ ತಿಂತಿದ್ಲು. ನಾನು ಸ್ಕೂಟರ್ ಮೇಲೆ ಕೂತು ಕಾಯ್ತಿದ್ದೆ. ಅಮ್ಮಂಗೆ ಹೇಳಲ್ಲ ಅಂತ ಭಾಷೆ ತಗೊಂಡಿದ್ಲು’ ಎಂದರು.

ಅಷ್ಟರಲ್ಲಿ ಅಂಗಡಿಯವರು ಕೈ ಒರೆಸಿಕೊಳ್ಳುತ್ತ ಬಂದರು. ‘ಏನ್ ಸಾರ್, ತುಂಬಾ ದಿನ ಆಯ್ತು. ಬೇಟಿ ಬಂದಿಲ್ವಾ?’

ಇವರು ಸ್ಟೀರಿಂಗನ್ನೇ ನೋಡುತ್ತಿದ್ದರು. ನಾನೇ ಹೇಳಿದೆ. ‘ಅವಳಿಲ್ಲಪ್ಪ. ಜ್ವರ ಬಂದು ಹೋಗ್ಬಿಟ್ಲು.’

ಅಂಗಡಿಯವರು ತಲೆಯ ಮೇಲಿನ ಟೋಪಿಯನ್ನು ತೆಗೆದು, ಮತ್ತೆ ಹಾಕಿಕೊಂಡರು. ಬಾಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಂಡರು. ‘ನಿಂಬೆಹಣ್ಣು ಜಾಸ್ತಿ ಕೇಳ್ತಿದ್ಲು ಅಮ್ಮಾ’ ಎಂದರು ಕೊನೆಗೆ. ‘ಬೇರೆಯವ್ರಿಗೆ ಬೈತೀನಿ, ಅವ್ಳಿಗೆ ಕೊಡ್ತಿದ್ದೆ.’

ವಾಪಸ್ಸು ಬರುವಾಗ, ‘ಇನ್ನೇನು ಹೇಳ್ತಿದ್ಲು ರೀ?’ ಎಂದು ಕೇಳಿದೆ. ಎಂಜಿನ್ ಸದ್ದಿನಲ್ಲಿ ಕೂಗಿ ಕೂಗಿ ಹೇಳಿದರು. ವೀಣೆ ಬಿಟ್ಟು ಈಜು ಕಲಿಯುವ ಆಸೆಯಿತ್ತಂತೆ. ನನ್ನ ಹಳೆಯ ಮೈಸೂರು ರೇಷ್ಮೆ ಸೀರೆಯ ಮೇಲೆ ಕಣ್ಣಿತ್ತಂತೆ. ನನಗೆ ಗೊತ್ತಿರದ ಮಗಳು ಅವರಲ್ಲಿ ಇಷ್ಟೆಲ್ಲ ಉಳಿದಿದ್ದಳು. ಮನೆಯ ಕಾಂಪೌಂಡಿನೊಳಗೆ ಬಂದು ಎಂಜಿನ್ ಆರಿಸಿದ ಮೇಲೂ ನಾವು ಇಳಿಯಲಿಲ್ಲ. ಅವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ.